ಹುರುಳಿ ಹಾಸಿದ ದಾರಿ

ಆ ಭಾನುವಾರ ನಮ್ಮ ಪುಸ್ತಕಕ್ಕೆ ಕೊನೆಯ ಪರೀಕ್ಷೆ. ಹಾಸನದ ಸುತ್ತಮುತ್ತ ರಜೆಯ ದಿನ ಕಾರಿನಲ್ಲಿ ಹೋಗಿಬರಬಹುದಾದ ದಾರಿಗಳ ಕೈಪಿಡಿ ಅದು. ಬೇಲೂರು, ಹಳೇಬೀಡಿನ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಮ್ಮದು ಹೆದ್ದಾರಿ ಬಿಟ್ಟು ಒಳಗೆ ನುಗ್ಗುವವರಿಗೆ ಮಾಡಿದ ಪುಸ್ತಕ. ಎಲ್ಲಿ ಎಡಕ್ಕೆ ತಿರುಗಬೇಕು, ಯಾವ ಕೆರೆ ಏರಿಯ ಮೇಲೆ ಎದುರಿಗೆ ಟ್ರ್ಯಾಕ್ಟರ್ ಬಂದರೆ ಕಷ್ಟ, ಎಲ್ಲಿ ಇಡ್ಲಿ ಚೆನ್ನಾಗಿರುತ್ತದೆ, ಹೆಂಗಸರಿಗೆ ಎಲ್ಲಿ ಶೌಚಾಲಯ ಇದೆ, ಎಲ್ಲವನ್ನೂ ಅದರಲ್ಲಿ ಬರೆದಿದ್ದೆ. ದಾರಿ ಅಳೆಯುವುದು, ಬರೆಯುವುದು, ಮತ್ತೆ ಹೋಗಿ ತಪ್ಪು ಹುಡುಕುವುದು ನನ್ನ ಕೆಲಸ. ಪ್ರಕಾಶಕರು ಹಾಸನದ ಅಂಗಡಿಯಲ್ಲಿ ಕೂತು 'ಇನ್ನೂ ಮುಗೀಲಿಲ್ವಾ?' ಎಂದು ಕೇಳುವ ಕೆಲಸ ಮಾಡುತ್ತಿದ್ದರು.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಒಂದೊಂದು ಅಧ್ಯಾಯದ ಹಾಳೆಗಳನ್ನು ಒಂದೊಂದು ಮನೆಯವರ ಕೈಗೆ ಕೊಟ್ಟು, ಅದನ್ನೇ ನಂಬಿಕೊಂಡು ಹೋಗಿಬನ್ನಿ ಎಂದು ಕಳಿಸುವುದು ನಾನು ಮಾಡಿಕೊಂಡ ಪದ್ಧತಿ. ನನಗೆ ಗೊತ್ತಿರುವ ದಾರಿಯಲ್ಲಿ ನಾನು ತಪ್ಪಿಸಿಕೊಳ್ಳುವುದಿಲ್ಲ. ಗೊತ್ತಿಲ್ಲದವರು ತಪ್ಪಿಸಿಕೊಂಡರೆ ತಪ್ಪು ಪುಸ್ತಕದ್ದು. ಮೊದಮೊದಲು ಹೋದವರು ಬಂದು 'ಸೂಪರ್ ಮೇಡಂ' ಎನ್ನುತ್ತಿದ್ದರು. ವಿಚಾರಿಸಿದರೆ ಮೊದಲನೇ ತಿರುವಿನಲ್ಲೇ ಮೊಬೈಲಿನ ಮ್ಯಾಪ್ ತೆರೆದಿರುತ್ತಿದ್ದರು. ಆಮೇಲೆ ಒಂದು ಷರತ್ತು ಹಾಕಿದೆ. ಹೊರಡುವ ಮುಂಚೆ ಮನೆಯವರ ಮೊಬೈಲುಗಳನ್ನೆಲ್ಲ ಆಫ್ ಮಾಡಿ ಖಾಕಿ ಕವರಿಗೆ ಹಾಕಬೇಕು. ಅದನ್ನು ನಾನೇ ಅಂಟಿಸಿ, ಅಂಟಿನ ಮೇಲೆ ಅಡ್ಡ ಸಹಿ ಹಾಕುತ್ತಿದ್ದೆ. ಸಂಜೆ ಕವರು ಹಾಗೇ ವಾಪಸ್ ಬರಬೇಕು. ನಮ್ಮತ್ತೆ ಅದನ್ನು ನೋಡಿ, 'ಎಸ್ಸೆಸ್ಸೆಲ್ಸಿ ಪೇಪರ್ ಕಳ್ಸೋರ ಹಾಗೆ ಆಡ್ತೀಯಲ್ಲೇ' ಎಂದು ನಗುತ್ತಿದ್ದರು. ನಾನು ಬಗ್ಗಲಿಲ್ಲ. ಶಿಸ್ತು ಅಂದರೆ ಶಿಸ್ತು.

ಆ ಭಾನುವಾರ ಹೊರಟಿದ್ದವರು ಹಾಸನದ ಒಬ್ಬ ಹೈಸ್ಕೂಲು ಗಣಿತದ ಮೇಷ್ಟ್ರು, ಅವರ ಹೆಂಡತಿ, ಇಬ್ಬರು ಮಕ್ಕಳು, ಮತ್ತು ಹೆಂಡತಿಯ ತಾಯಿ. ಕಾರು ತೆಗೆದುಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವರಿಗೆ ಕೊಟ್ಟ ಅಧ್ಯಾಯ ಚನ್ನರಾಯಪಟ್ಟಣದಿಂದ ಹಳ್ಳಿಗಳ ಒಳಗಿನಿಂದಲೇ ಹೊಳೆನರಸೀಪುರಕ್ಕೆ ಬಂದು, ಅಲ್ಲಿಂದ ಅರಕಲಗೂಡಿಗೆ ಹೋಗುವ ದಾರಿಯದು. ಅರಕಲಗೂಡಿನ ಹತ್ತಿರ ಅಜ್ಜಿಯ ತವರೂರು. ಮಧ್ಯಾಹ್ನದ ಊಟ ಅಲ್ಲಿಗೆ ಹೇಳಿಟ್ಟಿದ್ದರು. ಮೇಷ್ಟ್ರು ಹಾಳೆಗಳನ್ನು ಮೊದಲೇ ಓದಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ನನ್ನ ಎರಡು ಅಲ್ಪವಿರಾಮ ತಿದ್ದಿ ಕೊಟ್ಟಿದ್ದರು. ಇಂಥವರು ನೂರಕ್ಕೊಬ್ಬರು ಸಿಗುತ್ತಾರೆ ಎಂದು ನಾನು ಹಿಗ್ಗಿಹೋಗಿದ್ದೆ. ಕವರಿನೊಳಗೆ ಗಂಡ ಹೆಂಡತಿ ಇಬ್ಬರ ಮೊಬೈಲೂ ಇದ್ದವು. ಅಜ್ಜಿಯ ಹತ್ತಿರ ಮೊಬೈಲೇ ಇರಲಿಲ್ಲ.

ಆ ದಾರಿಯನ್ನು ನಾನು ಅಳೆದದ್ದು ಶ್ರಾವಣದಲ್ಲಿ. ಎರಡೂ ಕಡೆ ಹೊಂಗೆ ಮರ, ತುಂಬಿದ ಕೆರೆಗಳು, ತೊಳೆದಿಟ್ಟ ಹಾಗೆ ಟಾರು ರಸ್ತೆ. 'ಜಿಲ್ಲೆಯಲ್ಲಿ ಇಷ್ಟು ನೆಮ್ಮದಿಯ ರಸ್ತೆ ಮತ್ತೊಂದಿಲ್ಲ' ಎಂದು ಬರೆದಿದ್ದೆ. ಈಗ ಸಂಕ್ರಾಂತಿ ಹತ್ತಿರ ಬಂದಿತ್ತು.

ಅದೇ ಬೆಳಿಗ್ಗೆ ನಾನು ಬಾಡಿಗೆ ಕಾರಿನಲ್ಲಿ ಹೊಳೆನರಸೀಪುರದಿಂದ ಅರಕಲಗೂಡಿನ ಕಡೆಗೆ ಮುಂದಿನ ಪುಸ್ತಕಕ್ಕೆಂದು ಇನ್ನೊಂದು ಒಳದಾರಿ ಅಳೆಯುತ್ತಿದ್ದೆ. ಕಾರಿನ ಚಾಲಕರು ಹೊಳೆನರಸೀಪುರದವರು, ಕಾರು ಅವರದ್ದೇ, ಮಾತು ಸ್ವಲ್ಪ ಜಾಸ್ತಿ. ಬಸ್ ಸ್ಟ್ಯಾಂಡಿನಲ್ಲಿ ಮೀಟರನ್ನು ಸೊನ್ನೆಗೆ ತರುತ್ತೇವೆ. ತಿರುವು, ಹಂಪು, ಸೇತುವೆ ಬಂದಾಗೆಲ್ಲ ಅವರು ಅಂಕಿ ಓದುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಮಾತಿನ ಭರದಲ್ಲಿ ಅವರು ಅಂಕಿ ಬಿಟ್ಟರೆ ಹಿಂದಕ್ಕೆ ಹೋಗಿ ಮತ್ತೆ ಬರಬೇಕು. ಹೀಗೆ ಎರಡನೇ ಸಲ ಬರುತ್ತಿದ್ದಾಗ ರಸ್ತೆಯ ಅಗಲಕ್ಕೂ ಹುರುಳಿ ಹಾಸಿದ್ದು ಸಿಕ್ಕಿತು. ಕಿತ್ತು ಒಣಗಿಸಿದ ಗಿಡವನ್ನು ರಸ್ತೆಗೆ ಹಾಸಿಬಿಟ್ಟರೆ ಬಸ್ಸು ಕಾರು ಓಡಾಡಿ ಕಾಳು ಬಿಡಿಸಿಕೊಡುತ್ತವೆ. ಸುಗ್ಗಿಯಲ್ಲಿ ನಮ್ಮ ಕಡೆ ಇದು ಮಾಮೂಲು. ನಾವು ಅದರ ಮೇಲೇ ಹೋದೆವು.

ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕೆಳಗಿನಿಂದ ಚರಚರ ಸದ್ದು ಶುರುವಾಯಿತು.

"ಏನೋ ಸಿಕ್ಕಾಕ್ಕೊಂಡಿದೆ, ನಿಲ್ಸಿ" ಎಂದೆ.

"ಏನಾಗಕಿಲ್ಲ ಬುಡಿ ಮೇಡಂ. ವಸಿ ಜೋರಾಗಿ ಓಡ್ಸುದ್ರೆ ತಾನೇ ಉದುರೋಯ್ತದೆ."

ಜೋರಾಗಿ ಓಡಿಸಿದರು. ಸದ್ದು ಹೆಚ್ಚಾಯಿತು, ಆಮೇಲೆ ಸುಟ್ಟ ರಬ್ಬರಿನ ನಾತ ಬಂತು, ಮುಂದಿನ ಚಕ್ರದ ಪಕ್ಕದಿಂದ ಹೊಗೆ ಎದ್ದಿತು. ಅವರು ಕಾರು ನಿಲ್ಲಿಸಿ ಗೋಣಿಚೀಲ ಹಾಸಿಕೊಂಡು ಕೆಳಗೆ ನುಸುಳಿದರು. ನಾನೂ ಬಗ್ಗಿ ನೋಡಿದೆ. ಹುರುಳಿ ಬಳ್ಳಿ ಚಕ್ರ ತಿರುಗಿಸುವ ಆಕ್ಸಲ್ಲಿಗೆ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿತ್ತು. ಸೈಲೆನ್ಸರಿನ ಪೈಪಿಗೆ ತಾಗಿದ ತುದಿಗಳು ಕರ್ರಗಾಗಿ ಕೆಂಡ ಕಟ್ಟಿದ್ದವು. ಜೋರಾಗಿ ಓಡಿಸಿದಷ್ಟೂ ಬಿಗಿಯಾಗಿ ಸುತ್ತಿಕೊಂಡಿತ್ತು. ಅವರು ಬೆರಳು ಸುಟ್ಟುಕೊಂಡು ಒಂದೊಂದೇ ಎಳೆ ಕಿತ್ತರು.

"ಇನ್ನೊಂದು ಮೈಲಿ ಓಗಿದ್ರೆ ಗಾಡಿ ಬೂದಿಯಾಗೋಗದು ಮೇಡಂ" ಎಂದರು. ಆಮೇಲೆ ಕೈ ಒರೆಸಿಕೊಳ್ಳುತ್ತ, "ಇಲ್ಲೇನಿಲ್ಲ ಬುಡಿ, ಒಂದ್ ಕಡೆ ಆಕವ್ರೆ. ಚೆನ್ರಾಯಪಟ್ಣದ್ ಕಡೆ ಊರೂರೇ ರೋಡ್ಗೆ ಉಳ್ಳಿ ಆಕ್ತವ್ರೆ ಈಗ" ಎಂದರು.

ಮೇಷ್ಟ್ರ ಮನೆಯವರು ಅಲ್ಲೇ ಇದ್ದರು.

ಮೇಷ್ಟ್ರಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಅವರ ಹೆಂಡತಿಗೆ ಮಾಡಿದೆ. ಸ್ವಿಚ್ ಆಫ್. ಎಷ್ಟು ಸಲ ಮಾಡಿದರೂ ಅದೇ ದನಿ ಅದನ್ನೇ ಹೇಳಿತು. ಆಫ್ ಮಾಡಿಸಿ, ಅಂಟಿಸಿ, ಸಹಿ ಹಾಕಿದವಳು ನಾನೇ. ಬೇರೆ ಯಾರಾದರೂ ಆಗಿದ್ದರೆ ಕದ್ದಾದರೂ ಕವರು ಬಿಚ್ಚಿರುತ್ತಿದ್ದರು. ನಕಲು ಹೊಡೆಯುವ ಹುಡುಗರನ್ನು ಹಿಡಿಯುವುದರಲ್ಲೇ ಕೂದಲು ನರೆಸಿಕೊಂಡ ಮೇಷ್ಟ್ರು ಬಿಚ್ಚುತ್ತಾರೆಯೇ?

ಚನ್ನರಾಯಪಟ್ಟಣದಲ್ಲಿ ತಿಂಡಿಗೆ ನಿಲ್ಲಿ ಎಂದು ನಾನು ಬರೆದಿದ್ದ ಹೋಟೆಲಿಗೆ ಫೋನ್ ಮಾಡಿದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಯಜಮಾನರೇ ಎತ್ತಿದರು.

"ಬಂದಿದ್ರು ಮೇಡಂ, ಅಜ್ಜಿ ಮಕ್ಳು ಎಲ್ಲಾ ಇದ್ರಲ್ಲ? ಆಗ್ಲೇ ಹೊರಟ್ರು. ಕೈಯಲ್ಲಿ ನಿಮ್ದೇ ಹಾಳೆ ಇತ್ತು. ಇಡ್ಲಿ ಮಾತ್ರ ಸಾಕು, ವಡೆ ಬೇಡ ಅಂದ್ರು. ವಡೆ ಸುಮಾರು ಅಂತ ಬರ್ದಿದ್ದೀರಂತೆ, ಯಾಕ್ ಮೇಡಂ ಹಂಗೆ?"

ನಾನು ಏನು ಹೇಳಿದೆನೋ ನೆನಪಿಲ್ಲ. ಪೊಲೀಸರ ತುರ್ತು ಸಂಖ್ಯೆಗೂ ಕರೆ ಮಾಡಿದೆ. ಯಾವ ಊರು ಎಂದು ಕೇಳಿದರು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದವರೆಗೆ ಒಳಗಿರುವ ಯಾವ ಊರಾದರೂ ಆಗಬಹುದು ಎಂದೆ. ಕಾರಿನ ಬಣ್ಣ ಬರೆದುಕೊಂಡು, ಹತ್ತಿರದ ಠಾಣೆಗೆ ತಿಳಿಸುತ್ತೇವೆ ಎಂದರು. ಅವರಾದರೂ ಇನ್ನೇನು ಮಾಡಿಯಾರು!

ಈಗ ಅವರು ಎಲ್ಲಿರಬಹುದು ಎಂದು ಲೆಕ್ಕ ಹಾಕಲು ಅಧ್ಯಾಯ ತೆಗೆದು ತೊಡೆಯ ಮೇಲೆ ಹರಡಿಕೊಂಡೆ. ತಿಂಡಿ ಆದಮೇಲೆ ಮೊದಲ ಕೆರೆ. ಬೆಳ್ಳಕ್ಕಿ ನೋಡಲು ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ ಎಂದಿದ್ದೆ. ಮೇಷ್ಟ್ರು ನಿಂತಿರುತ್ತಾರೆ. ಆಮೇಲೆ ಕಲ್ಲಿನ ಮಂಟಪ, ಮಕ್ಕಳು ಅಲ್ಲಿ ಆಡಬಹುದು. ಆಡಿರುತ್ತಾರೆ. ಅದಾದ ಮೇಲೆ ಉದ್ದಕ್ಕೂ ಹಳ್ಳಿಗಳು, 'ಇಲ್ಲಿ ಎಲ್ಲೂ ನಿಲ್ಲುವ ಅಗತ್ಯವಿಲ್ಲ, ಕಿಟಕಿ ಇಳಿಸಿಕೊಂಡು ನಿಧಾನವಾಗಿ ಸಾಗಿ' ಎಂದು ಬರೆದಿದ್ದೆ. ಆ ಸಾಲಿನ ಮೇಲೆ ಬೆರಳಿಟ್ಟು ಕೂತೆ. ಮಂಟಪ ಬಿಟ್ಟಿರದಿದ್ದರೆ ಸಾಕಪ್ಪಾ ಎಂದು ದೇವರನ್ನು ಬೇಡಿಕೊಂಡೆ.

"ಹೊಳೆನರಸೀಪುರದ್ ದೇವಸ್ಥಾನದ್ ತಾವ ಓಗಿ ನಿಂತ್ಕಳಣ ಮೇಡಂ. ಹೆಂಗಿದ್ರೂ ಅಲ್ಲಿಗೇ ಬತ್ತಾರಲ್ಲ" ಎಂದರು ಚಾಲಕರು.

"ಬಂದ್ರೆ?" ಎಂದೆ. ಅವರು ಕಾರು ತಿರುಗಿಸಿದರು.

ಊರೊಳಗೆ ಸಂಕ್ರಾಂತಿ ಸಂತೆಯೇ ಸೇರಿತ್ತು. ರಸ್ತೆಯ ಎರಡೂ ಬದಿ ಕಬ್ಬು, ಗೆಣಸು, ಅವರೆಕಾಯಿ ರಾಶಿ. ಕಬ್ಬಿನ ಟ್ರ್ಯಾಕ್ಟರ್ ಒಂದು ಅಡ್ಡ ನಿಂತು ಜಲ್ಲೆ ಇಳಿಸುತ್ತಿತ್ತು. ನಮ್ಮ ಚಾಲಕರು ಹಾರನ್ ಮೇಲೆ ಕೈ ಇಟ್ಟವರು ತೆಗೆಯಲಿಲ್ಲ. "ಏನ್ಲಾ ಅವಸರ, ಎಂಡ್ರು ಎರಿಗೆಗೋಗವ್ಳಾ?" ಎಂದು ಯಾರೋ ಬೈದರು. ನಾನು ಇಳಿದು ಹೋಗಿ ಕೈ ಮುಗಿದೆ. ನನ್ನ ಮುಖ ನೋಡಿ ಏನನ್ನಿಸಿತೋ, ಕಬ್ಬಿನವರು ಟ್ರ್ಯಾಕ್ಟರ್ ಮುಂದೆ ಎಳೆದುಕೊಂಡರು. ಹೇಮಾವತಿ ಸೇತುವೆ ದಾಟಿ ಒಳದಾರಿ ಹಿಡಿದೆವು. ಅವರು ಬರುವ ದಾರಿಗೆ ನಾವು ಎದುರಾಗಿ ಹೊರಟಿದ್ದೆವು.

ಅಲ್ಲಿ ಶುರುವಾಯಿತು ಇನ್ನೊಂದು ಫಜೀತಿ. ದಾರಿ ನಾನೇ ಬರೆದದ್ದು, ಆದರೆ ಬರೆದದ್ದು ಚನ್ನರಾಯಪಟ್ಟಣದ ಕಡೆಯಿಂದ ಬರುವವರಿಗೆ. 'ಅರಳಿಕಟ್ಟೆ ದಾಟಿದ ಕೂಡಲೇ ಎಡಕ್ಕೆ' ಎನ್ನುವುದನ್ನು ಎದುರಿನಿಂದ ಬರುವವರು 'ಅರಳಿಕಟ್ಟೆ ಕಾಣುವ ಮುಂಚೆಯೇ ಬಲಕ್ಕೆ' ಎಂದು ಓದಿಕೊಳ್ಳಬೇಕು. ಕಾಣದ ಅರಳಿಕಟ್ಟೆಯನ್ನು ಹುಡುಕುವುದು ಹೇಗೆ? ಕೆಳಗಿನಿಂದ ಮೇಲಕ್ಕೆ ಓದುತ್ತ, ಎಡವನ್ನು ಬಲ ಮಾಡುತ್ತ, ಕೂಡಿದ್ದನ್ನು ಕಳೆಯುತ್ತ ಹೇಳುತ್ತಾ ಹೋದೆ. ಒಂದು ಕಡೆ ಲೆಕ್ಕ ತಪ್ಪಿತು. ದಾರಿ ಸಪೂರವಾಗುತ್ತ ಹೋಗಿ ಯಾರದೋ ತೆಂಗಿನ ತೋಟದ ಗೇಟಿನ ಮುಂದೆ ಮುಗಿಯಿತು. ದಾರಿ ತೋರಿಸುವ ಪುಸ್ತಕ ಬರೆದವಳು, ನನ್ನದೇ ಪುಸ್ತಕ ಹಿಡಿದುಕೊಂಡು ದಾರಿ ತಪ್ಪಿದ್ದೆ. ಅಳು ಬಂತು, ಅತ್ತುಬಿಟ್ಟೆ. ಚಾಲಕರು ನೋಡಿಯೂ ನೋಡದವರ ಹಾಗೆ ಕಾರು ಹಿಂದಕ್ಕೆ ತೆಗೆದರು.

ಸರಿಯಾದ ದಾರಿಗೆ ಬಂದ ಮೇಲೆ ಹುರುಳಿಯೇ ಹುರುಳಿ. ಮೊದಲ ಹಾಸು ಸಿಕ್ಕಿದ ಕಡೆ ಚಾಲಕರು ಕಾರು ನಿಲ್ಲಿಸಿ, "ಇದ್ರ ಮ್ಯಾಲೆ ಮಾತ್ರ ನಾನ್ ಓಡ್ಸಕಿಲ್ಲ" ಎಂದರು. ಸರಿಯಾದ ಮಾತು. ಇಬ್ಬರೂ ಇಳಿದು ಚಕ್ರ ಹಾಯುವಷ್ಟು ಅಗಲಕ್ಕೆ ಬಳ್ಳಿಯನ್ನು ಕಾಲಿನಿಂದಲೂ ಕೈಯಿಂದಲೂ ಸರಿಸಿದೆವು. ಕಾರು ದಾಟಿಸಿ ಸ್ವಲ್ಪ ಮುಂದೆ ಹೋದರೆ ಮತ್ತೊಂದು ಹಾಸು. ಮತ್ತೆ ಇಳಿದೆವು. ಎರಡನೆಯದರ ಹತ್ತಿರ ಮೊರ ಹಿಡಿದು ಕೂತಿದ್ದ ಮುದುಕರೊಬ್ಬರು ಎದ್ದು ಬಂದರು.

"ಯಾಕವ್ವಾ ಸರುಸ್ತೀರಿ? ನೀವ್ ಓಡಾಡ್ಲಿ ಅಂತ್ಲೇ ಆಕಿರದು."

"ಇದು ಕಾರಿಗೆ ಸುತ್ಕೊಂಡು ಬೆಂಕಿ ಹತ್ಕೊಳ್ಳುತ್ತೆ ಯಜಮಾನ್ರೆ. ಎದುರಿಂದ ಒಂದು ಮನೆಯವರು ಬರ್ತಿದ್ದಾರೆ, ಮಕ್ಕಳಿದ್ದಾರೆ. ಹಾಕಬಾರ್ದಿತ್ತು."

"ಮತ್ತೆಲ್ಲಿ ಆಕನಾ? ಕಣ ಎಲ್ಲೈತೆ ಈಗ? ಸಗಣಿ ಸಾರ್ಸಕ್ಕೆ ಜನ ಎಲ್ಲವ್ರೆ? ನೀವು ಬಂದ್ ಓಯ್ತೀರಿ, ನಾವ್ ಉಣ್ಬೇಕಲ್ಲ" ಎಂದರು. ಹಾಗಂದವರು ಮರುಕ್ಷಣವೇ ಕವೆಗೋಲು ತಂದು ನಮ್ಮ ಜೊತೆ ತಾವೂ ಸರಿಸತೊಡಗಿದರು.

ಮೂರನೆಯ ಹಾಸು ರಸ್ತೆ ತಿರುಗುವವರೆಗೂ ಇತ್ತು. ಅದನ್ನು ಸರಿಸುತ್ತ ಕೂತರೆ ಮಧ್ಯಾಹ್ನವಾಗುತ್ತದೆ. ಅಷ್ಟರಲ್ಲಿ ಹಿಂದಿನಿಂದ ಸ್ಕೂಟರಿನಲ್ಲಿ ಒಬ್ಬ ಹೆಂಗಸು ಬಂದರು. ಆ ಊರಿನ ಹಾಲಿನ ಡೇರಿಯ ಕಾರ್ಯದರ್ಶಿ ಎಂದು ಆಮೇಲೆ ತಿಳಿಯಿತು. ಹುರುಳಿ ಮುಟ್ಟದೆ ರಸ್ತೆ ಬದಿಯ ಮಣ್ಣಿನ ಅಂಚಿನಲ್ಲಿ ಓಡಿಸಿಕೊಂಡು ಬರುತ್ತಿದ್ದರು. ನಾನು ಅಡ್ಡ ನಿಂತೆ. ಎರಡು ಮಾತಿನಲ್ಲಿ ವಿಷಯ ಹೇಳಿದೆ. ಚಾಲಕರನ್ನು ಬಿಟ್ಟು ಹೋಗುವುದೋ ಬೇಡವೋ ಎಂದು ಒಂದು ಗಳಿಗೆ ಅನ್ನಿಸಿತು. ಬೆಂಕಿ ಹತ್ತಿದರೆ ನಾನೊಬ್ಬಳೇ ಏನು ಮಾಡುತ್ತೇನೆ? ಆದರೂ ಇಲ್ಲಿ ಬಳ್ಳಿ ಸರಿಸುತ್ತ ನಿಲ್ಲುವುದಕ್ಕಿಂತ ಅಲ್ಲಿ ಬರಿಗೈಯಲ್ಲಿ ಇರುವುದು ಮೇಲು.

"ಅತ್ತಿ ಅಕ್ಕಾ. ಗಟ್ಟಿಯಾಗ್ ಇಡ್ಕಳಿ" ಎಂದರು ಆಕೆ.

ಒಂದು ಕಡೆ ಹುರುಳಿ, ಇನ್ನೊಂದು ಕಡೆ ಚರಂಡಿ. ನಡುವಿನ ಗೇಣು ಮಣ್ಣಿನಲ್ಲಿ ಸ್ಕೂಟರು ಕುಣಿಯುತ್ತ ಹೋಯಿತು. ಆಕೆಯ ಸೊಂಟ ಹಿಡಿದುಕೊಂಡು ಮುಂದೆ ಆಕಾಶ ನೋಡುತ್ತಿದ್ದೆ, ಹೊಗೆ ಕಾಣಿಸುತ್ತದೋ ಎಂದು. ಒಂದು ಕಡೆ ಹೊಗೆ ಕಂಡಿತು. ಹತ್ತಿರ ಹೋದರೆ ಯಾರೋ ಬದುವಿನ ಕಸ ಸುಡುತ್ತಿದ್ದರು.

ತಿರುವು ಕಳೆದ ಕೂಡಲೇ ಅವರ ಕಾರು ಕಂಡಿತು.

ಹುರುಳಿ ಹಾಸಿನ ಮೇಲೇ ನಿಧಾನವಾಗಿ, ನಾನು ಬರೆದ ಹಾಗೆಯೇ ಮುಂದಿನ ಕಿಟಕಿ ಇಳಿಸಿಕೊಂಡು ಬರುತ್ತಿತ್ತು. ಕೆಳಗಿನಿಂದ ಬೂದುಬಣ್ಣದ ಹೊಗೆ ತೆಳ್ಳಗೆ ಹಿಂದಕ್ಕೆ ಹರಿಯುತ್ತಿತ್ತು. ಒಳಗಿದ್ದವರಿಗೆ ಅದು ಕಾಣುತ್ತಿರಲಿಲ್ಲ. ಸ್ಕೂಟರಿನಿಂದ ಇಳಿದು ಎರಡೂ ಕೈ ಎತ್ತಿ ಓಡಿದೆ. ಮೇಷ್ಟ್ರು ನನ್ನನ್ನು ನೋಡಿದರು. ನೋಡಿ ನಕ್ಕರು. ಮುಂದಿನ ಸೀಟಿನಲ್ಲಿದ್ದ ಹೆಂಡತಿಯ ಕೈಯಿಂದ ಖಾಕಿ ಕವರನ್ನು ತೆಗೆದುಕೊಂಡು ಕಿಟಕಿಯಿಂದ ಹೊರಗೆ ಹಿಡಿದು, ನನ್ನ ಸಹಿ ಕಾಣುವ ಹಾಗೆ ತೋರಿಸಿದರು. ನಾನು ಕವರು ತಪಾಸಣೆಗೆ ಬಂದಿದ್ದೇನೆ ಎಂದುಕೊಂಡಿದ್ದರು!

"ಬಿಚ್ಚೇ ಇಲ್ಲ ಮೇಡಂ, ನೋಡಿ!"

"ಬೆಂಕಿ! ಕೆಳಗೆ ಬೆಂಕಿ!" ಎಂದು ಕಿರುಚಿದೆ.

ಅವರು ಅಲ್ಲೇ ಬ್ರೇಕ್ ಹಾಕಿದರು. ಕಾರು ಹುರುಳಿಯ ನಟ್ಟನಡುವೆ ನಿಂತಿತು. ಬೆಳಿಗ್ಗೆ ಕಾರಿನ ಕೆಳಗೆ ನೋಡಿದ್ದ ಕೆಂಡ ನನ್ನ ಕಣ್ಣಿಗೆ ಕಟ್ಟಿತು. ಅಷ್ಟು ಕೆಂಡ ಈ ಹಾಸಿನ ಮೇಲೆ ಉದುರಿದರೆ ಕ್ಷಣದಲ್ಲಿ ಸುತ್ತಲೂ ಉರಿ. ಇಳಿಯಿರಿ ಅನ್ನಲೋ, ಮುಂದಕ್ಕೆ ತನ್ನಿ ಅನ್ನಲೋ? ಮುಂದೆ ತಂದರೆ ಇನ್ನಷ್ಟು ಸುತ್ತಿಕೊಳ್ಳುತ್ತದೆ. ನಾನು ನಿಂತಿದ್ದ ಕಡೆ ಟಾರು ಖಾಲಿ ಇತ್ತು, ಹತ್ತಾರು ಹೆಜ್ಜೆ ಅಷ್ಟೇ.

"ನಿಲ್ಬೇಡಿ! ಇಲ್ಲಿಗೆ ತನ್ನಿ, ಇಲ್ಲಿಗೆ!"

ಮೇಷ್ಟ್ರು ತಂದರು. ಕಾರು ಖಾಲಿ ಟಾರಿಗೆ ಬಂದು ನಿಂತಿತು, ಬಾನೆಟ್ಟಿನ ಅಂಚಿನಿಂದ ಮೊದಲ ಉರಿ ಹೊರಗೆ ನಾಲಗೆ ಚಾಚಿತು. ಗಂಡ ಹೆಂಡತಿ ಮುಂದಿನ ಬಾಗಿಲು ತೆಗೆದು ಹಾರಿದರು. ಹಿಂದಿನ ಬಾಗಿಲು ತೆರೆಯಲಿಲ್ಲ. ಮಕ್ಕಳು ಓಡುವ ಕಾರಿನಲ್ಲಿ ತೆಗೆದುಬಿಡುತ್ತಾರೆ ಎಂದು ಮೇಷ್ಟ್ರು ಹಿಂದಿನ ಎರಡೂ ಬಾಗಿಲಿಗೆ ಒಳಗಿನಿಂದ ತೆರೆಯದ ಹಾಗೆ ಲಾಕ್ ಮಾಡಿಟ್ಟಿದ್ದರು. ಒಳಗೆ ಹುಡುಗಿ ಹಿಡಿಯನ್ನು ಎಳೆಎಳೆದು ಗಾಜು ಬಡಿಯುತ್ತಿದ್ದಳು. ಮೇಷ್ಟ್ರು ಗರ ಬಡಿದವರ ಹಾಗೆ ಕವರು ಹಿಡಿದು ನಿಂತೇ ಇದ್ದರು. ನಾನು ಹೊರಗಿನಿಂದ ಬಾಗಿಲು ಕಿತ್ತುಕೊಳ್ಳುವ ಹಾಗೆ ತೆರೆದು ಹುಡುಗಿಯನ್ನು ಎಳೆದೆ. ಅವಳ ತಾಯಿ ಹುಡುಗನನ್ನು ಎತ್ತಿಕೊಂಡಳು. ಅಜ್ಜಿ ಆಚೆ ಬದಿಯಲ್ಲಿ ಕೂತಿದ್ದರು. ಮಂಡಿ ನೋವಿನವರು, ಕಾಲಿನ ಹತ್ತಿರ ತವರಿಗೆ ಒಯ್ಯುತ್ತಿದ್ದ ಎಳ್ಳು ಬೆಲ್ಲದ ಡಬ್ಬಿ, ಏಳಲು ಆಗುತ್ತಿಲ್ಲ. ಡೇರಿಯ ಹೆಂಗಸು ಆ ಬದಿಯ ಬಾಗಿಲು ತೆರೆದು, ಅಜ್ಜಿಯ ಎರಡೂ ಕಂಕುಳಿಗೆ ಕೈ ಹಾಕಿ, ಮೂಟೆ ಎಳೆಯುವ ಹಾಗೆ ಎಳೆದು ಹಾಕಿದರು. ಅಜ್ಜಿಯ ಸೀರೆಯ ಸೆರಗು ಬಾಗಿಲಿಗೆ ಸಿಕ್ಕಿ ಹರಿಯಿತು. ಆ ಹರಿದ ಸದ್ದು ಕೇಳಿದ ಮೇಲೆ ಉಳಿದದ್ದೆಲ್ಲ ಬೆಂಕಿಯ ಸದ್ದೇ.

ಊರಿನವರು ಓಡಿಬಂದರು. ಮೊದಲು ಕಾರಿನ ಹಿಂದಿದ್ದ ಹುರುಳಿಯನ್ನು ಕವೆಗೋಲಿನಲ್ಲಿ ಎಳೆದು ಹಾಕಿದರು, ಆಮೇಲೆ ಮಣ್ಣು ಎರಚಿದರು. ತೋಟದ ಪಂಪಿನಿಂದ ಪೈಪು ಎಳೆದು ನೀರು ಬಿಡುವಷ್ಟರಲ್ಲಿ ಕಾರಿನ ಗಾಜುಗಳೆಲ್ಲ ಸಿಡಿದಿದ್ದವು. ಹುರುಳಿಯೂ ಅರ್ಧ ಸುಟ್ಟಿತು. ಅದರ ಯಜಮಾನಿ ಮೊದಲು ಬೈಯುತ್ತ ಬಂದವಳು, ಮಕ್ಕಳನ್ನು ನೋಡಿ ಸುಮ್ಮನಾಗಿ, ತಂಬಿಗೆಯಲ್ಲಿ ನೀರು ತಂದು ಅಜ್ಜಿಗೆ ಕುಡಿಸಿದಳು.

ಮೇಷ್ಟ್ರು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದರು. ಕೈಯಲ್ಲಿದ್ದ ಕವರನ್ನು ನೋಡಿಕೊಂಡು ನನ್ನ ಕಡೆ ತಿರುಗಿದರು.

"ಈಗ ಬಿಚ್ಬೋದಾ ಮೇಡಂ?" ಎಂದು ಕೇಳಿದರು.

ವ್ಯಂಗ್ಯವಲ್ಲ, ಕೋಪವಲ್ಲ. ನಿಜವಾಗಿಯೂ ಅನುಮತಿ ಕೇಳುತ್ತಿದ್ದರು. ಅವರು ಕೆನ್ನೆಗೆ ಹೊಡೆದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ. ನಾನೇ ಕವರು ಹರಿದು ಕೊಟ್ಟೆ.

ಅಜ್ಜಿಗೆ ಮಾತು ಬಂದ ಮೇಲೆ ನಡೆದದ್ದನ್ನು ಅವರೇ ಹೇಳಿದರು. ಎರಡು ಊರು ಹಿಂದಿನಿಂದಲೇ ವಾಸನೆ ಬರುತ್ತಿತ್ತಂತೆ. "ನಾನೇ ಅಂದೆ ಕಣವ್ವಾ, ಯಾರೋ ಉಳ್ಳಿ ಉರೀತವ್ರೆ ಅಂತ. ನಮ್ಮವ್ವ ಬಾಂಡ್ಲೀಲಿ ಉರಿಯೋಳಲ್ಲ, ಅದೇ ಗಮ. ಹುಡ್ಗನೂ ಒಟ್ಟೆ ಅಸೀತದೆ ಅಂದ. ಎಲ್ರೂ ನಕ್ಕೊಂಡೇ ಬಂದ್ವಿ." ಎರಡು ಊರು ದಾಟುವವರೆಗೂ ಆ ಪರಿಮಳವನ್ನು ಮೂಸುತ್ತ, ಇವತ್ತು ತವರಿನಲ್ಲಿ ಹುರುಳಿ ಸಾರು ಮಾಡಿಸೋಣ ಎಂದು ಮಾತಾಡಿಕೊಂಡು ಬಂದಿದ್ದರು. ಬೇರೆ ಸೀಮೆಯವರಾಗಿದ್ದರೆ ಏನೋ ಸುಡುತ್ತಿದೆ ಎಂದು ಇಳಿದು ನೋಡಿರುತ್ತಿದ್ದರು. ಇವರಿಗೆ ಅದು ಅಡುಗೆಮನೆಯ ವಾಸನೆ.

ಪೊಲೀಸರು ಬಂದು ಬರೆದುಕೊಂಡರು, ಮೇಷ್ಟ್ರು ಸಹಿ ಹಾಕಿದರು. ನಮ್ಮ ಚಾಲಕರೂ ಅಷ್ಟರಲ್ಲಿ ಹಾಸುಗಳನ್ನು ಸರಿಸಿಕೊಂಡು ಕಾರು ತಂದಿದ್ದರು. ನಾನು ಪ್ರಕಾಶಕರಿಗೆ ಫೋನ್ ಮಾಡಿ, ಆ ಅಧ್ಯಾಯ ಪುಸ್ತಕದಲ್ಲಿ ಇರಕೂಡದು ಎಂದೆ.

"ಅಯ್ಯೋ, ದೇವರು ದೊಡ್ಡೋನು, ಯಾರಿಗೂ ಏನೂ ಆಗ್ಲಿಲ್ವಲ್ಲ. ಸುಗ್ಗಿಯಲ್ಲಿ ಎಚ್ಚರಿಕೆ ಅಂತ ಕೆಳಗೆ ಒಂದು ಸಾಲು ಹಾಕೋಣ ಬಿಡಿ. ಅದೇ ನಮ್ಮ ಮುಖ್ಯ ಅಧ್ಯಾಯ ಅಲ್ವಾ?"

"ಆ ಒಂದು ಸಾಲು ಓದದೇ ಬರೋರು ಇರ್ತಾರಲ್ಲ ಸಾರ್."

"ಓದದೇ ಇರೋರಿಗೆ ಪುಸ್ತಕ ಯಾಕೆ?"

"ಇವರು ಎಲ್ಲಾ ಸಾಲೂ ಓದಿದ್ರು" ಎಂದೆ. ಅಚ್ಚಿಗೆ ಹೋಗುವುದನ್ನು ತಡೆಯುತ್ತೇನೆ ಎಂದು ಕೊನೆಗೆ ಒಪ್ಪಿದರು. ಇನ್ನು ಯಾವ ದಾರಿಯನ್ನೂ ಒಂದೇ ಕಾಲದಲ್ಲಿ ನೋಡಿ ಬರೆಯುವುದಿಲ್ಲ, ಮಳೆಗಾಲದಲ್ಲೊಮ್ಮೆ ಸುಗ್ಗಿಯಲ್ಲೊಮ್ಮೆ ಹೋಗಿಯೇ ಬರೆಯುತ್ತೇನೆ ಎಂದು ಅಲ್ಲೇ ಹೇಳಿಬಿಟ್ಟೆ. ಖಾಕಿ ಕವರಿನ ಪದ್ಧತಿಯೂ ಅಂದಿಗೆ ಮುಗಿಯಿತು.

ಹಾಸನಕ್ಕೆ ವಾಪಸ್ ಬಿಡಲೇ ಎಂದು ಕೇಳಿದೆ. ಅಜ್ಜಿ, ತವರಿನಲ್ಲಿ ಅಡುಗೆ ಮಾಡಿಕೊಂಡು ಕಾಯುತ್ತಿದ್ದಾರೆ, ಅಲ್ಲಿಗೇ ಬಿಡಿ ಎಂದರು. ಏಳು ಜನ ಒಂದೇ ಕಾರಿನಲ್ಲಿ ಒತ್ತಿಕೊಂಡು ಕೂತೆವು. ಹುಡುಗ ತಾಯಿಯ ತೊಡೆಯ ಮೇಲೆ, ಹುಡುಗಿ ಅಜ್ಜಿಯ ತೊಡೆಯ ಮೇಲೆ. ದೊಡ್ಡ ರಸ್ತೆಯಲ್ಲೇ ಹೋಗೋಣ ಎಂದು ಯಾರೂ ಹೇಳಬೇಕಾಗಲಿಲ್ಲ. ಚಾಲಕರು ಅಂಕಿ ಓದಲಿಲ್ಲ, ನಾನೂ ಬರೆಯಲಿಲ್ಲ.

ಅರಕಲಗೂಡು ಹತ್ತಿರ ಬಂದಾಗ ಬಿಸಿಲು ಇಳಿಯುತ್ತಿತ್ತು. ಒಂದು ಸಣ್ಣ ಊರಿನ ನಡುವೆ ಹೋಗುತ್ತಿದ್ದಾಗ ತೆರೆದ ಕಿಟಕಿಯಿಂದ ಆ ವಾಸನೆ ಬಂತು. ಹದವಾಗಿ ಹುರಿದ ಹುರುಳಿಯ, ಬಾಯಲ್ಲಿ ನೀರೂರಿಸುವ ವಾಸನೆ. ಚಾಲಕರು ಕಾರು ನಿಲ್ಲಿಸಿದರು. ಯಾರೂ ಯಾಕೆ ಎಂದು ಕೇಳಲಿಲ್ಲ. ಬಾಗಿಲುಗಳೆಲ್ಲ ಒಟ್ಟಿಗೇ ತೆರೆದವು. ಮಕ್ಕಳನ್ನು ಎತ್ತಿಕೊಂಡು, ಅಜ್ಜಿಯನ್ನು ಹಿಡಿದುಕೊಂಡು ರಸ್ತೆಯ ಆಚೆ ಬದಿಗೆ ಓಡಿ ನಿಂತೆವು. ಚಾಲಕರು ಮಂಡಿಯೂರಿ ಕಾರಿನ ಕೆಳಗೆಲ್ಲ ನೋಡಿದರು. ಒಂದು ಎಳೆಯೂ ಇರಲಿಲ್ಲ. ಆದರೂ ಯಾರೂ ಕಾರಿನ ಹತ್ತಿರ ಹೋಗಲಿಲ್ಲ. ಹುಡುಗಿ ಅಜ್ಜಿಯ ಹರಿದ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಿದ್ದಳು.

ಪಕ್ಕದ ಮನೆಯಿಂದ ಒಬ್ಬ ಹೆಂಗಸು ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ರಸ್ತೆಯ ಮೇಲೆ ಖಾಲಿ ಕಾರು, ಬದಿಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತ ನಮ್ಮನ್ನು ನೋಡಿದಳು.

"ದಾರಿ ತಪ್ತಾ? ಎಲ್ಲಿಗ್ ಓಗ್ಬೇಕು?" ಎಂದು ಕೇಳಿದಳು.

ಮೇಷ್ಟ್ರು ನನ್ನ ಮುಖ ನೋಡಿದರು. ಅವರ ಹೆಂಡತಿಯೂ ನೋಡಿದಳು. ನಾನು ಅಜ್ಜಿಯ ಮುಖ ನೋಡಿದೆ.